ಓರುಗಲ್ಲೋ, ಬೀದರೋ?

ಹೈದರಾಬಾದಿನಲ್ಲಿ ಮನೆ ಮಾಡಿರುವ ಕನ್ನಡಿಗರಿಗೆಲ್ಲ ಒಂದು ಕಷ್ಟ ಇದ್ದೇ ಇರುತ್ತದೆ. ಊರಿನಿಂದ ನೆಂಟರು ಬರುತ್ತಾರೆ. ಮೊದಲ ದಿನ ಚಾರ್‌ಮಿನಾರ್, ಲಾಡ್ ಬಜಾರಿನ ಬಳೆ, ಸಾಲಾರ್‌ಜಂಗ್ ವಸ್ತುಸಂಗ್ರಹಾಲಯ. ಎರಡನೆಯ ದಿನ ಗೋಲ್ಕೊಂಡ. ಕೆಳಗೆ ಬಾಗಿಲ ಬಳಿ ಚಪ್ಪಾಳೆ ತಟ್ಟಿದರೆ ಮೇಲಿನ ಬಾರಾದರಿಯಲ್ಲಿ ಕೇಳಿಸುತ್ತದೋ ಇಲ್ಲವೋ ಎಂಬ ಪರೀಕ್ಷೆಯೂ ಮುಗಿಯುತ್ತದೆ. ಮೂರನೆಯ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಾಲ್ಕನಿಯಲ್ಲಿ ನಿಂತು, "ಮತ್ತೆ ಇನ್ನೇನಿದೆ ಇಲ್ಲಿ?" ಎಂದು ಕೇಳುತ್ತಾರೆ. ಮಕ್ಕಳಿದ್ದರೆ ಫಿಲ್ಮ್ ಸಿಟಿ ಎಂದು ಹೇಳಿ ಪಾರಾಗಬಹುದು. ಇಲ್ಲದಿದ್ದರೆ ಬೆಳಿಗ್ಗೆ ಹೋಗಿ ರಾತ್ರಿ ಊಟಕ್ಕೆ ಬಂದುಬಿಡುವಂಥ ಊರೊಂದನ್ನು ಆರಿಸಬೇಕು.

2008ರ ಜನವರಿಯಲ್ಲಿ ಅಪ್ಪ ಬಂದಾಗ ಈ ಆಯ್ಕೆ ಸಲೀಸಾಗಿರಲಿಲ್ಲ. ಅಪ್ಪ ಶಿರಾಳಕೊಪ್ಪದ ಕಡೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಹೇಳಿದವರು. ಶಾಲೆಯಿಂದ ಬಳ್ಳಿಗಾವಿ ಕೂಗಳತೆ. ವರ್ಷಕ್ಕೊಮ್ಮೆ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹೋಗಿ ಕೇದಾರೇಶ್ವರ, ತ್ರಿಪುರಾಂತಕ ತೋರಿಸಿ, ಬುತ್ತಿ ಬಿಚ್ಚಿಸಿ, ಸಂಜೆಗೆ ವಾಪಸು ಕರೆತರುತ್ತಿದ್ದರು. ಕಲ್ಯಾಣದ ಚಾಲುಕ್ಯರು, ಬಹಮನಿಗಳು ಎಲ್ಲರನ್ನೂ ಪಾಠ ಮಾಡಿದ್ದರು. ಆದರೆ ಆ ಅರಸರ ರಾಜಧಾನಿಗಳನ್ನು ಒಂದನ್ನೂ ಕಂಡಿರಲಿಲ್ಲ. ಮಂಡಿನೋವು ಬೇರೆ ಶುರುವಾಗಿತ್ತು. "ಒಂದೇ ದಿನ ಕಣೋ. ಎರಡು ದಿನ ಕಾರಲ್ಲಿ ಕೂರೋಕೆ ನನ್ನ ಕೈಲಿ ಆಗಲ್ಲ. ಒಂದು ಆರಿಸು" ಅಂದರು. ಆರಿಸುವ ಕೆಲಸವನ್ನು ನನಗೆ ಒಪ್ಪಿಸಿದ ಹಾಗೆ ಮಾಡಿ, ಮರುಕ್ಷಣವೇ ತಾವೇ ನೋಟ್‌ಬುಕ್ ತೆಗೆದು ಮೂರು ಹೆಸರು ಬರೆದರು: ಓರುಗಲ್ಲು, ಕೊಲ್ಲಿಪಾಕಿ, ಬೀದರ್.

ಓರುಗಲ್ಲು ಎಂದರೆ ಇಂದಿನ ವರಂಗಲ್, ಪೂರ್ವಕ್ಕೆ ನೂರೈವತ್ತು ಕಿಲೋಮೀಟರಿನ ಆಸುಪಾಸು. ಕಾಕತೀಯರ ರಾಜಧಾನಿ. ಕೋಟೆಯ ನಡುವೆ ಬಯಲಲ್ಲಿ ನಿಂತ ನಾಲ್ಕು ಕಲ್ಲಿನ ತೋರಣಗಳು. ಅವುಗಳ ನಡುವೆ ಇದ್ದ ದೇವಾಲಯ ಪುಡಿಯಾಗಿದೆ, ಬಾಗಿಲುಗಳು ಮಾತ್ರ ಉಳಿದಿವೆ. ಪಕ್ಕದ ಹನಮಕೊಂಡದಲ್ಲಿ 1163ರ ಸಾವಿರ ಕಂಬದ ಗುಡಿ. ಇದು ಪೂರಾ ತೆಲುಗರ ಚರಿತ್ರೆ ಎಂದು ನಮ್ಮ ಕಡೆಯವರು ತಿಳಿದಿರುತ್ತಾರೆ. ಆದರೆ ಕಾಕತೀಯರು ಮೊದಲಿಗೆ ಕಲ್ಯಾಣದ ಚಾಲುಕ್ಯರ ಸಾಮಂತರೇ. ಹನಮಕೊಂಡದ ಪದ್ಮಾಕ್ಷಿ ಗುಡ್ಡದ ಮೇಲೆ 1117ರ ಕನ್ನಡ ಶಾಸನವಿದೆ, ಅದರಲ್ಲಿ ಎಣಿಸಿರುವುದು ಚಾಲುಕ್ಯ ವಿಕ್ರಮ ವರ್ಷವನ್ನು. ಅಪ್ಪನಿಗೆ ಇದು ಗೊತ್ತಿತ್ತು, ಆಸೆಯೂ ಇತ್ತು. ಆದರೆ ಗುಡ್ಡಕ್ಕೆ ಮೆಟ್ಟಿಲು, ಮಂಡಿ ಒಪ್ಪಬೇಕಲ್ಲ. ಸಾಲದ್ದಕ್ಕೆ ಆ ವರ್ಷಗಳಲ್ಲಿ ಸಾವಿರ ಕಂಬದ ಗುಡಿಯ ಕಲ್ಯಾಣಮಂಟಪವನ್ನು ಜೀರ್ಣೋದ್ಧಾರಕ್ಕೆಂದು ಕಳಚಿ ಹಾಕಿದ್ದರು. ಕಂಬಗಳಿಗೆ ನಂಬರು ಬರೆದು ಹುಲ್ಲಿನ ಮೇಲೆ ಮಲಗಿಸಿದ್ದರು. ಅದು ಮತ್ತೆ ಎದ್ದು ನಿಂತು ಜನರಿಗೆ ತೆರೆದದ್ದು 2024ರಲ್ಲಿ.

ಕೊಲ್ಲಿಪಾಕಿ ಎಂದರೆ ಈಗಿನ ಕೊಲನುಪಾಕ, ಅದೇ ವರಂಗಲ್ ದಾರಿಯಲ್ಲಿ ಆಲೇರಿನ ಹತ್ತಿರ, ಎಂಬತ್ತೇ ಕಿಲೋಮೀಟರು. ಇಂದು ಅದೊಂದು ಹಳ್ಳಿ. ಹನ್ನೊಂದನೆಯ ಶತಮಾನದಲ್ಲಿ ತಂಜಾವೂರಿನ ರಾಜೇಂದ್ರ ಚೋಳ ತನ್ನ ಪ್ರಶಸ್ತಿಯಲ್ಲಿ, ಗೆದ್ದ ನಾಡುಗಳ ಪಟ್ಟಿಯಲ್ಲಿ ಹೆಸರು ಹಿಡಿದು ಹೇಳಿಕೊಳ್ಳುವಷ್ಟು ದೊಡ್ಡ ಊರು ಅದು. ಜೈನರ ಕ್ಷೇತ್ರ. ನಮ್ಮ ವೀರಶೈವ ಪರಂಪರೆಯವರಿಗೆ ರೇಣುಕಾಚಾರ್ಯರು ಸೋಮೇಶ್ವರ ಲಿಂಗದಿಂದ ಉದ್ಭವಿಸಿದ ಜಾಗ. ಗುಡಿಯ ಆವರಣದಲ್ಲಿ ಕನ್ನಡ ಶಾಸನದ ಕಲ್ಲುಗಳನ್ನು ಓದುವವರಿಲ್ಲದೆ ನಿಲ್ಲಿಸಿದ್ದಾರೆ. ನಾನು ಇದಕ್ಕೇ ಒತ್ತಾಯ ಮಾಡುತ್ತಿದ್ದೆ, ಹತ್ತಿರ ಎಂಬ ಸೋಮಾರಿತನದಿಂದ. "ಅರ್ಧ ದಿನದ ಊರು ಅದು. ಅದನ್ನ ಇನ್ನೊಂದ್ಸಲ ಬಂದಾಗ ನೋಡೋಣ" ಅಂತ ಅಪ್ಪ ಹೊಡೆದು ಹಾಕಿದರು.

ಉಳಿದದ್ದು ಬೀದರ್. ನನಗೆ ಅಲ್ಲೊಂದು ಅಳುಕಿತ್ತು. ಆಂಧ್ರಪ್ರದೇಶಕ್ಕೆ ಬಂದ ಅಪ್ಪನನ್ನು ಮತ್ತೆ ಕರ್ನಾಟಕಕ್ಕೇ ಕರೆದುಕೊಂಡು ಹೋಗಿ ತೋರಿಸುವುದೇ? ಬೀದರ್ ನಮ್ಮದೇ ಜಿಲ್ಲೆ, ಭೂಪಟದಲ್ಲಿ ರಾಜ್ಯದ ಮುಡಿಯ ಮೇಲೆ ಹೂವಿನ ಹಾಗೆ ಕೂತಿದೆ. ಶಿವಮೊಗ್ಗದಿಂದಲೋ ಬೆಂಗಳೂರಿನಿಂದಲೋ ಯಾವಾಗಾದರೂ ಹೋಗಬಹುದು ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ, ಹಾಗಾಗಿಯೇ ಯಾರೂ ಹೋಗಿರುವುದಿಲ್ಲ. ಬೆಂಗಳೂರಿನಿಂದ ಅದು ಏಳುನೂರು ಕಿಲೋಮೀಟರಿನ ಹತ್ತಿರ. ನಮ್ಮ ಮನೆಯಿಂದ ನೂರನಲವತ್ತು.

ತೀರ್ಮಾನ ಮಾಡಿದವರು ನಾವಿಬ್ಬರೂ ಅಲ್ಲ, ಮೇಲಿನ ಮಹಡಿಯ ಅಜ್ಜ.

ಅವರಿಗೆ ಆಗ ಎಪ್ಪತ್ತೆಂಟು. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ, ಕೈಯಲ್ಲಿ ದಿನಾ ಬೆಳಿಗ್ಗೆ ಉರ್ದು ಪತ್ರಿಕೆ. ನಾನು ಈ ಮನೆಗೆ ಬಂದ ಹೊಸದರಲ್ಲಿ ಇದನ್ನು ನೋಡಿ ಕಕ್ಕಾಬಿಕ್ಕಿಯಾಗಿದ್ದೆ. ಮೈಸೂರು ಸೀಮೆಯಲ್ಲಿ ಬೆಳೆದವನಿಗೆ ಉರ್ದು ಓದುವ ಲಿಂಗಾಯತರನ್ನು ಕಲ್ಪಿಸಿಕೊಳ್ಳುವುದೇ ಕಷ್ಟ. ಬೀದರಿನಲ್ಲಿ ಹುಟ್ಟಿ, ನಿಜಾಮರ ಕಾಲದ ಶಾಲೆಯಲ್ಲಿ ಓದಿದವರು ಅವರು. ಆಗ ಕಲಿಕೆಯೆಲ್ಲ ಉರ್ದುವಿನಲ್ಲಿ; 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ, ಕಾನೂನುಗಳನ್ನೂ ಉರ್ದುವಿನಲ್ಲೇ ಹೇಳುತ್ತಿದ್ದರು. ಅಜ್ಜ ಕನ್ನಡ ಅಕ್ಷರ ಕಲಿತದ್ದು ಮನೆಯಲ್ಲಿ, ಮಠದ ಅಯ್ಯನೋರಿಂದ. ಲೆಕ್ಕವನ್ನು ಈಗಲೂ ಉರ್ದುವಿನಲ್ಲಿ ಮಾಡುತ್ತಾರೆ, ಬೈಗುಳ ಕನ್ನಡದಲ್ಲಿ.

ಅಪ್ಪನ ನೋಟ್‌ಬುಕ್ಕಿನ ಪಟ್ಟಿ ನೋಡಿ ಅಜ್ಜ ಕೇಳಿದರು: "ವರಂಗಲ್ಲಿಗೆ ಯಾಕ ಹೊಂಟೀರಿ? ನಮ್ಮ ಬೀದರ ಇರಲಿಕ್ಕ? ನಿಮ್ಮ ಊರಿನ ಅಲ್ಲಮಪ್ರಭು ಅಲ್ಲೇ ಇದ್ದಾನಲ್ರೀ."

ಅಪ್ಪ ಕನ್ನಡಕ ತೆಗೆದರು. ಅಲ್ಲಮ ಬಳ್ಳಿಗಾವಿಯವನೆಂಬ ಪ್ರತೀತಿ, ಅಪ್ಪ ಮಕ್ಕಳಿಗೆ ವರ್ಷವರ್ಷವೂ ಅದನ್ನು ಹೇಳಿದವರು. ಅವನು ಬೀದರಿನಲ್ಲಿ ಏನು ಮಾಡುತ್ತಿದ್ದಾನೆ? ಅಜ್ಜ ಬಿಡಿಸಿ ಹೇಳಲಿಲ್ಲ. "ನೋಡಿ ಬರ್ರಿ" ಅಂದು ಒಳಗೆ ಹೋಗಿ ಒಂದು ಗುಂಡಿ ತಂದು ನನ್ನ ಕೈಗಿಟ್ಟರು. ಕಪ್ಪು ಲೋಹದ ಮೇಲೆ ಬೆಳ್ಳಿಯ ಸಣ್ಣ ಹೂವು. ಬಿದರಿ ಗುಂಡಿ. ಮದುವೆಯ ಕಾಲದ ಶೇರ್ವಾನಿಯದು. ಆರಿದ್ದವು, ಒಂದು ಕಳೆದುಹೋಗಿತ್ತು. ಮುಂದಿನ ತಿಂಗಳು ಮೊಮ್ಮಗಳ ಮದುವೆ. ಅದೇ ಶೇರ್ವಾನಿ ಹಾಕಬೇಕೆಂದು ಹಟ. ಇದರ ಜೊತೆಯದನ್ನು ಮಾಡಿಸಿಕೊಂಡು ಬರಬೇಕು.

ಲಗ್ನಪತ್ರಿಕೆಯನ್ನೂ ತೋರಿಸಿದರು. ಕನ್ನಡ, ಮರಾಠಿ, ತೆಲುಗು ಮೂರರಲ್ಲೂ ಅಚ್ಚಾಗಿತ್ತು. ವರ ಎಲ್ಲೋ ದೂರದವನಿರಬೇಕು ಅಂದುಕೊಂಡೆ. ಅಜ್ಜ ನಕ್ಕರು. "ಎಲ್ಲಾ ಒಂದೇ ಜಿಲ್ಲಾದವರೇರಿ. ನನ್ನ ತಾಯಿ ತವರು ಉದ್ಗೀರ. ತಂಗೀನ ಕೊಟ್ಟದ್ದು ಜಹೀರಾಬಾದಿಗೆ. ನಾವು ಬೀದರದವರು."

ಅಪ್ಪ ಮೂವತ್ತು ವರ್ಷ ನವೆಂಬರ್ 1ರಂದು ಭಾಷಣ ಮಾಡಿದವರು. ಹರಿದು ಹಂಚಿಹೋದ ಕನ್ನಡ ನಾಡು 1956ರಲ್ಲಿ ಒಂದಾಯಿತು ಎಂಬುದು ಆ ಭಾಷಣದ ಮೊದಲ ವಾಕ್ಯ. ಸುಳ್ಳಲ್ಲ. ಆದರೆ ಅದೇ ದಿನ ಹೈದರಾಬಾದ್ ರಾಜ್ಯ ಮೂರು ಹೋಳಾಯಿತು, ಅದರೊಳಗಿನ ಬೀದರ್ ಜಿಲ್ಲೆಯೂ ಮೂರು ಹೋಳಾಯಿತು. ಉದ್ಗೀರ್, ನಿಲಂಗಾ, ಅಹಮದ್‌ಪುರ ತಾಲ್ಲೂಕುಗಳು ಅಂದಿನ ಮುಂಬಯಿ ರಾಜ್ಯಕ್ಕೆ; ಜಹೀರಾಬಾದ್, ನಾರಾಯಣಖೇಡ್ ಆಂಧ್ರಕ್ಕೆ; ಬೀದರ್, ಭಾಲ್ಕಿ, ಹುಮನಾಬಾದ್, ಸಂತಪುರ ಮೈಸೂರಿಗೆ. ಭಾಷೆಯ ಪ್ರಕಾರ ಹಂಚಿದ್ದು ನ್ಯಾಯವೇ. ಆದರೆ ಅಲ್ಲಿ ಒಂದೇ ಮನೆಯಲ್ಲಿ ಮೂರು ಭಾಷೆ ಇದ್ದವು. ಸೋದರಮಾವನ ಮನೆ ಒಂದು ರಾಜ್ಯ, ತಂಗಿಯ ಮನೆ ಇನ್ನೊಂದು ರಾಜ್ಯ ಆಯಿತು. ಅದುವರೆಗೆ ಕಚೇರಿ, ಕೋರ್ಟು, ಕಾಲೇಜು, ಆಸ್ಪತ್ರೆ ಎಲ್ಲಕ್ಕೂ ಬೀದರಿನವರ ಶಹರ ಹೈದರಾಬಾದು. ಮರುದಿನದಿಂದ ಅರ್ಜಿ ಹಿಡಿದು ಬೆಂಗಳೂರಿಗೆ ಹೋಗಬೇಕಾಯಿತು. ಅಜ್ಜ ಹೋಗಲಿಲ್ಲ. ಇಲ್ಲೇ ಉಳಿದು, ಇಲ್ಲೇ ನೌಕರಿ ಮಾಡಿ, ಏಕೀಕರಣದ ದಿನ ಹೊರನಾಡ ಕನ್ನಡಿಗರಾದರು. ನಾನು ಹೊರನಾಡಿಗನಾದದ್ದು ರೈಲು ಹತ್ತಿ ಕಾಚಿಗುಡದಲ್ಲಿ ಇಳಿದು. ಅವರು ಮನೆಯಲ್ಲಿ ಕೂತಲ್ಲೇ ಆದರು.

ಬೆಳಿಗ್ಗೆ ಐದೂವರೆಗೆ ಬಾಡಿಗೆ ಇಂಡಿಕಾದಲ್ಲಿ ಹೊರಟೆವು. ಪಟಾನ್‌ಚೆರು ದಾಟುವವರೆಗೆ ಕಾರ್ಖಾನೆ, ಲಾರಿ, ಹೊಗೆ. ಸಂಗಾರೆಡ್ಡಿ, ಸದಾಶಿವಪೇಟೆ ಕಳೆದು ಜಹೀರಾಬಾದ್ ಸಮೀಪಿಸಿದಂತೆ ಮಣ್ಣು ಕೆಂಪಾಗುತ್ತ ಹೋಯಿತು, ಕಬ್ಬಿನ ಗದ್ದೆ ಬಂತು. ಅಲ್ಲಿ ಮುಂಬಯಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಬೇಕು. ಸ್ವಲ್ಪ ದೂರಕ್ಕೆ ತೆಲುಗು ಬೋರ್ಡುಗಳು ನಿಂತು ಕನ್ನಡ ಬೋರ್ಡುಗಳು ಶುರುವಾದವು. ಅಪ್ಪ ಗಾಜು ಇಳಿಸಿ ಒಂದೊಂದನ್ನೂ ಗಟ್ಟಿಯಾಗಿ ಓದತೊಡಗಿದರು: ಕಿರಾಣಿ ಅಂಗಡಿ, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ರಸಗೊಬ್ಬರ ದೊರೆಯುತ್ತದೆ. "ಮನೆಗೆ ಬಂದ ಹಾಗಾಯ್ತು ನೋಡು" ಅಂದರು. ಜೀವಮಾನದಲ್ಲಿ ಒಮ್ಮೆಯೂ ಕಾಲಿಡದ ಊರಿನ ಬಗ್ಗೆ! ಬೀದರ್ ಹೊಕ್ಕ ಮೇಲೆ ಕೋಟೆಗೆ ದಾರಿ ಯಾವುದೆಂದು ಆಟೋದವನೊಬ್ಬನನ್ನು ತಮ್ಮ ಶಿವಮೊಗ್ಗದ ಕನ್ನಡದಲ್ಲಿ ಕೇಳಿದರು. ಅವನು "ಸೀದಾ ಜಾಕೆ ಚೌಬಾರಾ ಕೆ ಪಾಸ್ ಮುಡೋ" ಎಂದು ದಖನಿಯಲ್ಲಿ ಹೇಳಿ ಹೊರಟುಹೋದ. ಅಪ್ಪನ ಮುಖ ನೋಡಬೇಕಿತ್ತು.

ಬೀದರ್ ಕೋಟೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಗೋಲ್ಕೊಂಡದ ಹಾಗೆ ಇದು ಬೆಟ್ಟ ಹತ್ತುವ ಕೋಟೆಯಲ್ಲ, ಅಪ್ಪನಂಥವರಿಗೆ ಹೇಳಿ ಮಾಡಿಸಿದ್ದು. ಎರಡು ಸಾವಿರ ಅಡಿ ಎತ್ತರದ ಪ್ರಸ್ಥಭೂಮಿಯ ಅಂಚಿನಲ್ಲಿ, ನೆಲದ ಜಂಬಿಟ್ಟಿಗೆ ಕಲ್ಲನ್ನೇ ಕಡಿದು ಕಟ್ಟಿದ್ದಾರೆ. ಊರಿನ ಕಡೆ ಮಾತ್ರ ಕಂದಕ ಮೂರು ಸಾಲು. ಹೊರಗಿನಿಂದ ಮಣ್ಣು ತಂದು ಕಟ್ಟಿದ್ದಲ್ಲ, ಬಂಡೆಯನ್ನು ಕೊರೆದು, ನಡುವೆ ಕಲ್ಲಿನ ಗೋಡೆಗಳನ್ನು ಹಾಗೇ ಬಿಟ್ಟು ತೋಡಿದ್ದು. ನಾವು ಶರ್ಜಾ ದರ್ವಾಜದಲ್ಲಿ ಒಳಹೊಕ್ಕೆವು. ಮೇಲೆ ಎರಡು ಹುಲಿಗಳ ಕೆತ್ತನೆ.

ಬಹಮನಿ ರಾಜ್ಯ ಹುಟ್ಟಿದ್ದು 1347ರಲ್ಲಿ. ರಾಜಧಾನಿ ಕಲಬುರಗಿ. ಅಲ್ಲಿಂದ ಬೀದರಿಗೆ ಬಂದದ್ದು ಅಹಮದ್ ಷಾ ವಲಿಯ ಕಾಲಕ್ಕೆ, 1422ರಿಂದ 1436ರವರೆಗೆ ಆಳಿದವನು ಅವನು. ಬೇಟೆಯಲ್ಲಿ ಮೊಲವೋ ನರಿಯೋ ನಾಯಿಗಳನ್ನೇ ಅಟ್ಟಿಸಿಕೊಂಡು ಬಂದದ್ದನ್ನು ಕಂಡು ಇದು ಗಂಡುಮೆಟ್ಟಿನ ನೆಲ ಎಂದು ಊರು ಕಟ್ಟಿಸಿದನಂತೆ. ಈ ಕಥೆಯನ್ನು ದೇಶದ ಅರ್ಧ ಊರುಗಳ ಬಗ್ಗೆ ಹೇಳುತ್ತಾರೆ, ನಾನು ಅದನ್ನು ಅಲ್ಲಿಗೇ ಬಿಡುತ್ತೇನೆ. ನನಗೆ ಮುಖ್ಯವೆನಿಸುವುದು ಬೇರೆ. 1425ರಲ್ಲಿ ಅವನು ವರಂಗಲ್ ಗೆದ್ದುಕೊಂಡ. ತೆಲುಗರ ಆ ಸೀಮೆ ಕೈಗೆ ಬಂದ ಮೇಲೆ ಕಲಬುರಗಿ ಒಂದು ಮೂಲೆಯಾಯಿತು; ಕನ್ನಡ, ಮರಾಠಿ, ತೆಲುಗು ಮೂರೂ ಸೇರುವ ಜಾಗ ಬೇಕಾಯಿತು. ಅಂದರೆ ಅಪ್ಪನ ಪಟ್ಟಿಯ ಮೊದಲ ಊರು ಬಿದ್ದದ್ದರಿಂದಲೇ ಮೂರನೆಯ ಊರಿಗೆ ಪಟ್ಟ ಬಂತು. ಮೂರು ಭಾಷೆಯ ಲಗ್ನಪತ್ರಿಕೆಗೆ ಕಾರಣವೂ ಅದೇ. 1956ರಲ್ಲಿ ಗೆರೆ ಎಳೆದವರು ಎಳೆದದ್ದು, ಅಹಮದ್ ಷಾ ಹುಡುಕಿ ಹುಡುಕಿ ಆರಿಸಿದ ಆ ಕೂಡುಜಾಗದ ಮೇಲೆಯೇ.

ಹದಿನಾರು ಕಂಬದ ಮಸೀದಿ, ಅದರ ಮುಂದಿನ ತೋಟ ನೋಡಿ ರಂಗೀನ್ ಮಹಲಿಗೆ ಬಂದರೆ ಬೀಗ. ಕೇಳಿದ ಮೇಲೆ ಕಾವಲಿನವನೊಬ್ಬ ಬೀಗದಕೈ ತಂದು ತೆಗೆದ. ಅಲ್ಲಿಗೆ ಹೋಗುವವರು ಕೇಳಲು ಸಂಕೋಚ ಪಡಬೇಡಿ. ಹೊರಗಿನ ಗೋಡೆ ನೋಡಿ ವಾಪಸು ಬಂದವರು ಬೀದರ್ ನೋಡಿದ ಹಾಗಾಗುವುದಿಲ್ಲ. ಬರೀದ್ ಷಾಹಿಗಳ ಕಾಲದಲ್ಲಿ, ಹದಿನಾರನೆಯ ಶತಮಾನದಲ್ಲಿ, ಸಿಂಗರಿಸಿದ ಅರಮನೆ. ಕಾಡಿಗೆ ಕಪ್ಪಿನ ಕಲ್ಲನ್ನು ಕೊರೆದು ಅದರೊಳಗೆ ಮುತ್ತಿನಚಿಪ್ಪಿನ ಚೂರುಗಳನ್ನು ಬಳ್ಳಿಯಾಗಿ ಕೂರಿಸಿದ್ದಾರೆ. ಬಾಗಿಲಿನ ಬೆಳಕು ಬಿದ್ದಾಗ ಒಂದೊಂದು ಚೂರು ಒಂದೊಂದು ಬಣ್ಣ. ಕೆತ್ತಿದ ಮರದ ಕಂಬಗಳ ನಡುವೆ ಅಪ್ಪ ಸುಮಾರು ಹೊತ್ತು ಮಾತಿಲ್ಲದೆ ನಿಂತಿದ್ದರು. ಆಮೇಲೆ ರಷ್ಯಾದ ನಿಕಿತಿನ್ ನೆನಪಾಯಿತು ಅವರಿಗೆ. ಅಫನಾಸಿ ನಿಕಿತಿನ್ ಎಂಬ ಈ ವ್ಯಾಪಾರಿ 1470ರ ಸುಮಾರಿಗೆ ಬೀದರಿಗೆ ಬಂದಿದ್ದ. ಮಾರಲೆಂದು ಕುದುರೆಯೊಂದನ್ನು ಸಮುದ್ರದಾಚೆಯಿಂದ ತಂದಿದ್ದ. ಸುಲ್ತಾನನ ಅರಮನೆಗೆ ಏಳು ಬಾಗಿಲು, ಒಂದೊಂದು ಬಾಗಿಲಲ್ಲೂ ನೂರು ಕಾವಲುಗಾರರು, ನೂರು ಲಿಪಿಕಾರರು. ಒಳಗೆ ಹೋದವರ ಹೆಸರು ಕೆಲವರು ಬರೆದರೆ ಹೊರಗೆ ಬಂದವರ ಹೆಸರು ಕೆಲವರು ಬರೆಯುತ್ತಾರೆ ಎಂದು ದಾಖಲಿಸಿದ್ದಾನೆ. ಅಮೀರರು ಬೆಳ್ಳಿಯ ಮಂಚದ ಮೇಲೆ ಹೊತ್ತು ಮೆರೆಯುತ್ತಾರೆ, ಹಳ್ಳಿಯ ಜನ ಮಾತ್ರ ಕಡುಬಡವರು ಎಂದೂ ಬರೆದಿದ್ದಾನೆ. "ನೋಡು, ಹೊರಗಿನಿಂದ ಬಂದೋನಿಗೆ ಎರಡೂ ಕಾಣುತ್ತೆ" ಎಂದರು ಅಪ್ಪ.

ಕೋಟೆಯಿಂದ ಹೊರಬಂದು ಊರೊಳಗೆ ಸ್ವಲ್ಪ ನಡೆದರೆ ಮಹಮೂದ್ ಗವಾನನ ಮದರಸಾ. ಇದನ್ನು ನೋಡಲೆಂದೇ ಅಪ್ಪ ಬಂದಿದ್ದರು. ಗವಾನ್ ಇರಾನಿನ ಗೀಲಾನ್ ಸೀಮೆಯವನು. ವ್ಯಾಪಾರಕ್ಕೆ ಬಂದು ಬಹಮನಿಗಳ ಪ್ರಧಾನಿಯಾದ. 1472ರಲ್ಲಿ ಈ ವಿದ್ಯಾಲಯ ಕಟ್ಟಿಸಿದ. ಮೂರು ಅಂತಸ್ತು, ನಡುವೆ ಅಂಗಳ, ಸುತ್ತ ವಿದ್ಯಾರ್ಥಿಗಳ ಕೋಣೆಗಳು. ಮುಖಭಾಗ ಪೂರ್ತಿ ನೀಲಿ, ಹಳದಿ, ಬಿಳಿ ಹೆಂಚುಗಳಿಂದ ಮುಚ್ಚಿತ್ತು. ಸಮರ್ಕಂದ, ಖುರಾಸಾನಗಳಲ್ಲಿ ಇಂಥವು ಇವೆ, ನಮ್ಮ ಈ ನೆಲದಲ್ಲಿ ಇದೊಂದೇ. ಆ ಪುಸ್ತಕಭಂಡಾರದಲ್ಲಿ ಮೂರು ಸಾವಿರ ಗ್ರಂಥಗಳಿದ್ದವೆಂದು ಫೆರಿಷ್ತಾ ಹೇಳುತ್ತಾನೆ. ಔರಂಗಜೇಬನ ಕಾಲಕ್ಕೆ ಬೀದರ್ ಮೊಘಲರದಾಗಿ, ಸೈನಿಕರು ಇಲ್ಲಿ ಮದ್ದು ತುಂಬಿಟ್ಟರು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಅದು ಸಿಡಿದು ಮುಂಭಾಗದ ಅರ್ಧ, ಒಂದು ಮಿನಾರು ಹೋದವು. ಉಳಿದ ಒಂದು ಮಿನಾರಿನ ಬುಡದಲ್ಲಿ ಹೆಂಚಿನ ಬಣ್ಣ ಇಂದಿಗೂ ಇದೆ.

ಗವಾನನ ಅಂತ್ಯ ಪಾಠಪುಸ್ತಕದಲ್ಲಿ ಇರುತ್ತದೆ. ದಖನಿ ಸರದಾರರಿಗೆ ಈ ಪರದೇಶಿಯವರ ಮೇಲೆ ಹೊಟ್ಟೆಕಿಚ್ಚು. ಅವನ ಮುದ್ರೆ ಕದ್ದು ಒರಿಸ್ಸಾದ ರಾಜನಿಗೆ ದ್ರೋಹದ ಪತ್ರ ಬರೆದಂತೆ ಸೃಷ್ಟಿಸಿದರು. ಮೂರನೆಯ ಮಹಮದ್ ಷಾ ವಿಚಾರಿಸದೆ 1481ರಲ್ಲಿ ತಲೆ ತೆಗೆಸಿದ. ಹತ್ತಿರ ಹತ್ತಿರ ಐವತ್ತು ವರ್ಷದೊಳಗೆ ರಾಜ್ಯವೇ ಐದು ಚೂರಾಗಿ ಹೋಯಿತು. "ಮೂವತ್ತು ವರ್ಷ ಈ ಮನುಷ್ಯನ್ನ ಎರಡು ಅಂಕದ ಪ್ರಶ್ನೆ ಮಾಡಿದೀನಿ ಮಾರಾಯ. ಗವಾನನ ಬಗ್ಗೆ ಟಿಪ್ಪಣಿ ಬರೆಯಿರಿ, ಎರಡು ಅಂಕ" ಎಂದು ಅಪ್ಪ ಮಿನಾರಿನ ಕೆಳಗೆ ಕಲ್ಲಿನ ಮೇಲೆ ಕೂತರು. ಊರ ಹೊರಗೆ ಗೋರ್ನಳ್ಳಿಯ ಬಳಿ ಅವನ ಸಮಾಧಿ ಇದೆ, ಗುಮ್ಮಟವಿಲ್ಲದ ಬರಿಯ ಕಟ್ಟೆ. ಸಂಜೆ ಹೋಗುವಾಗ ಅಲ್ಲಿಗೆ ಹೋಗಿಯೇ ಹೋಗೋಣ ಎಂದರು.

ಮಧ್ಯಾಹ್ನ ನಾನಕ್ ಝೀರಾದ ಗುರುದ್ವಾರದಲ್ಲಿ ಲಂಗರಿನ ರೊಟ್ಟಿ, ಬೇಳೆ. ಕಾಲು ಚಾಚಿ ಒಂದು ಗಳಿಗೆ ಕೂತೆವು. ಗುರು ಗೋಬಿಂದ್ ಸಿಂಗರ ಪಂಚಪ್ಯಾರೆಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು. ಅಪ್ಪನಿಗೆ ಇದು ಹೊಸದು, ನೋಟ್‌ಬುಕ್ಕಿಗೆ ಹೋಯಿತು.

ಅಲ್ಲಿಂದ ಅಷ್ಟೂರು, ಊರಿಂದ ಪೂರ್ವಕ್ಕೆ ಮೂರು ಕಿಲೋಮೀಟರು. ಹೊಲಗಳ ನಡುವೆ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. ಜನ 'ಜಾಲಿಮ್' ಎಂದು ಕರೆದ ಹುಮಾಯೂನ್ ಷಾನ ಗೋರಿಗೆ 1882ರಲ್ಲಿ ಸಿಡಿಲು ಬಡಿದು ಅರ್ಧ ಗುಮ್ಮಟ ಕೆಳಗುರುಳಿದೆ. ಹೋಳು ಮಾಡಿದ ತೆಂಗಿನಕಾಯಿಯ ಹಾಗೆ ಗುಮ್ಮಟದ ಒಳಗಿನ ದಪ್ಪ, ಗಾರೆ, ಇಟ್ಟಿಗೆ ಎಲ್ಲ ಕಾಣುತ್ತದೆ. ಕ್ರೂರಿ ಅರಸನಿಗೆ ದೇವರು ಕೊಟ್ಟ ಶಿಕ್ಷೆ ಎಂದು ಊರವರು ಹೇಳುತ್ತಾರೆ. ಗುಮ್ಮಟ ಕಟ್ಟುವುದು ಹೇಗೆಂದು ಕಲಿಯಬೇಕಾದವರಿಗೆ ಮಾತ್ರ ಅದು ಕೊಟ್ಟ ವರ.

ಅಹಮದ್ ಷಾ ವಲಿಯ ಗೋರಿಯೊಳಗೆ ಕತ್ತಲೆ. ಅಲ್ಲಿದ್ದ ಹಿರಿಯರೊಬ್ಬರು ಹೊರಗಿನ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಒಳಗೆ ಬಿಟ್ಟರು. ಕುಂಕುಮಗೆಂಪು, ಚಿನ್ನದ ಬಣ್ಣ, ನೀಲಿ ತಟ್ಟನೆ ಚಾವಣಿಯ ಮೇಲೆ ಎದ್ದವು. ಬೆಳಕಿನ ಬಿಲ್ಲೆ ಸರಿದಲ್ಲೆಲ್ಲ ಅಕ್ಷರಗಳು. ಗೋರಿಯ ಮೇಲೆ ಹೂವಿತ್ತು, ಊದುಬತ್ತಿ ಇತ್ತು, ಒಡೆದ ತೆಂಗಿನಕಾಯಿಯೂ ಇತ್ತು. ಅಪ್ಪ ಕಾಯಿಯನ್ನೇ ನೋಡುತ್ತಿದ್ದರು. ಅಲ್ಲಮನ ಗುಟ್ಟು ಅಲ್ಲಿ ಬಿಚ್ಚಿಕೊಂಡಿತು. ಈ ಸೀಮೆಯ ಲಿಂಗಾಯತರಿಗೆ ಅಹಮದ್ ಷಾ ಅಲ್ಲಮಪ್ರಭುವಿನ ಅವತಾರ. ವರ್ಷಕ್ಕೊಮ್ಮೆ ಇಲ್ಲಿ ನಡೆಯುವುದನ್ನು ಕೆಲವರು ಉರುಸು ಅನ್ನುತ್ತಾರೆ, ಕೆಲವರು ಜಾತ್ರೆ ಅನ್ನುತ್ತಾರೆ. ಕಲಬುರಗಿ ಜಿಲ್ಲೆಯ ಕಡೆಯಿಂದ ಜಂಗಮರು ಬಂದು ನಡೆಸಿಕೊಡಬೇಕು, ಅವರಿಲ್ಲದೆ ಶುರುವಾಗುವ ಹಾಗಿಲ್ಲ. ಬಳ್ಳಿಗಾವಿಯ ಮಗ್ಗುಲಲ್ಲಿ ಹುಟ್ಟಿ ಬೆಳೆದ ಅಪ್ಪ, ಸುಲ್ತಾನನ ಗೋರಿಗೆ ಕೈಮುಗಿಯಬೇಕೋ ಬೇಡವೋ ಎಂದು ಒಂದು ಕ್ಷಣ ತಡೆದು, ಆಮೇಲೆ ಮುಗಿದರು.

ಇದನ್ನೆಲ್ಲ ಬರೆಯುವಾಗ ಬೀದರ್ ಸೌಹಾರ್ದದ ಊರು ಎಂದು ಸಿಹಿಯಾಗಿ ಮುಗಿಸುವುದು ಸುಲಭ. ಅಜ್ಜನ ಎದುರಿಗೆ ಹಾಗೆ ಹೇಳುವ ಧೈರ್ಯ ನನಗಿಲ್ಲ. 1948ರಲ್ಲಿ ಅವರಿಗೆ ಹದಿನೆಂಟು. ಆ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು ಊರವರನ್ನು ಕೊಂದರು. ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂದು ನಿಜಾಮರ ಆಳ್ವಿಕೆ ಮುಗಿಯಿತು. ಆಮೇಲಿನ ವಾರಗಳಲ್ಲಿ ಬೀದರ್, ಕಲಬುರಗಿ, ಉಸ್ಮಾನಾಬಾದ್, ನಾಂದೇಡ್ ಜಿಲ್ಲೆಗಳಲ್ಲಿ ಮುಸಲ್ಮಾನರ ಕೊಲೆಗಳು ನಡೆದವು. ಕೇಂದ್ರ ಸರ್ಕಾರವೇ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಅದನ್ನು ವರದಿ ಮಾಡಿತು. ಆ ವರದಿ ದಶಕಗಟ್ಟಲೆ ಹೊರಗೆ ಬರಲಿಲ್ಲ. ಅಜ್ಜ ಈ ವಿಷಯ ಒಮ್ಮೆ ಮಾತ್ರ ಆಡಿದ್ದರು. "ಮೊದಲ ನಾವು ಬಾಗಿಲ ಹಾಕ್ಕೊಂಡಿವಿ. ಆಮ್ಯಾಲ ಅವರು ಹಾಕ್ಕೊಂಡ್ರು. ಓಣಿ ಅದೇ." ಅಷ್ಟೇ. ಮುಂದಕ್ಕೆ ಕೇಳಲಿಲ್ಲ ನಾನು. ಆ ಓಣಿಯಿಂದಲೂ ಅಷ್ಟೂರಿನ ಜಾತ್ರೆಗೆ ಆ ವರ್ಷ ಹೋದವರಿದ್ದರಂತೆ.

ಅಷ್ಟೂರಿನಿಂದ ಹೊರಟಾಗ ನಾಲ್ಕು ದಾಟಿತ್ತು. ಡ್ರೈವರ್ ಗಡಿಯಾರ ನೋಡತೊಡಗಿದ. ಗವಾನನ ಸಮಾಧಿ ಒಂದು ಕಡೆ, ಬಿದರಿ ಕೆಲಸದವರ ಓಣಿ ಇನ್ನೊಂದು ಕಡೆ. ಎರಡಕ್ಕೂ ಹೊತ್ತಿರಲಿಲ್ಲ. ನಾನು ಬಾಯಿ ಬಿಡುವ ಮೊದಲೇ ಅಪ್ಪ, "ಗುಂಡಿ ಕಡೆಗೇ ನಡಿ. ಎರಡು ಅಂಕ ಹೋದರೆ ಹೋಗಲಿ" ಅಂದರು.

ಚೌಬಾರದ ಹತ್ತಿರ ಓಣಿಯಲ್ಲಿ ಒಂದು ಚಿಕ್ಕ ಕೋಣೆ. ಇಬ್ಬರು ಕಾಲಿನಲ್ಲಿ ಹೂಜಿ ಒತ್ತಿ ಹಿಡಿದು ಉಳಿಯಿಂದ ಕೊರೆಯುತ್ತಿದ್ದರು. ಬಿದರಿ ಲೋಹ ಎಂದರೆ ಹೆಚ್ಚು ಪಾಲು ಸತು, ಸ್ವಲ್ಪ ತಾಮ್ರ. ಎರಕ ಹೊಯ್ದು, ಅರದಿಂದ ಉಜ್ಜಿ, ಗೆರೆ ಕೊರೆದು, ಆ ಗೆರೆಯೊಳಗೆ ಬೆಳ್ಳಿಯ ತಂತಿ ಬಡಿದು ಕೂರಿಸುತ್ತಾರೆ. ಆವರೆಗೆ ಎಲ್ಲವೂ ಒಂದೇ ಬೂದು ಬಣ್ಣ, ಬೆಳ್ಳಿ ಯಾವುದು ಸತು ಯಾವುದು ತಿಳಿಯದು. ಕೊನೆಗೆ ಕೋಟೆಯೊಳಗಿನ ಹಳೆಯ ಮಣ್ಣನ್ನು ನವಸಾಗರದ ಜೊತೆ ನೀರಲ್ಲಿ ಕುದಿಸಿ ಅದಕ್ಕೆ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ಬಿಸಿಲು ಮಳೆ ಕಾಣದ ಜಾಗದ ಮಣ್ಣೇ ಆಗಬೇಕು. ಸರಿಯಾದದ್ದೋ ಎಂದು ನಾಲಗೆಗಿಟ್ಟು ನೋಡುತ್ತಾರೆ. 2006ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ.

ಕುಶಲಕರ್ಮಿ ಗುಂಡಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಹಳೆಯ ಕೈಕೆಲಸ, ಈಗ ಇಷ್ಟು ಸಣ್ಣ ಹೂವು ಯಾರೂ ಹಾಕುವುದಿಲ್ಲ, ಮಾಡಬಹುದು, ಆದರೆ ನಾಲ್ಕು ದಿನ ಬೇಕು ಎಂದರು. ನಾವು ಒಂದು ದಿನಕ್ಕೆ ಬಂದವರು. ಅಪ್ಪನ ಮುಖ ಸಣ್ಣದಾಯಿತು. ಸಮಾಧಿಯೂ ಇಲ್ಲ, ಗುಂಡಿಯೂ ಇಲ್ಲ.

"ಹೈದರಾಬಾದದಾಗ ಎಲ್ಲಿ ಇರ್ತೀರಿ?" ಎಂದು ಕೇಳಿದರು ಅವರು. ಹೇ

ಳಿದೆ. "ಜುಮ್ಮೇರಾತಿಗೆ ನಮ್ಮ ಅಮ್ಮೀನ ದವಾಖಾನಿಗೆ ಕರಕೊಂಡು ಬರೋದದ. ತಂದು ಕೊಡ್ತೀನಿ ಬಿಡ್ರಿ." ಮುಂಗಡ ಕೊಡಲು ಹೋದರೆ ಬೇಡವೆಂದರು.

ಬುಧವಾರ ರಾತ್ರಿ ಅಪ್ಪ ಕಾಚಿಗುಡದಲ್ಲಿ ರೈಲು ಹತ್ತಿದರು. ನೋಟ್‌ಬುಕ್ಕಿನಲ್ಲಿ ಕೊಲ್ಲಿಪಾಕಿಯ ಪಕ್ಕ 'ಮುಂದಿನ ಸಲ' ಎಂದು ಬರೆದುಕೊಂಡಿದ್ದರು, ಕೆಳಗೆ ಗೋರ್ನಳ್ಳಿ ಎಂದೂ ಸೇರಿಸಿದ್ದರು. ಮುಂದಿನ ಸಲ ಬಂದಾಗ ಅವರಿಂದ ಮನೆಯ ಮೆಟ್ಟಿಲು ಹತ್ತುವುದೇ ಆಗುತ್ತಿರಲಿಲ್ಲ. ಗವಾನನ ಕಟ್ಟೆಯನ್ನು ಎಷ್ಟೋ ವರ್ಷಗಳ ಮೇಲೆ ನಾನೊಬ್ಬನೇ ಹೋಗಿ ನೋಡಿ ಬಂದೆ. ಅಷ್ಟು ಹೊತ್ತಿಗೆ ನಮ್ಮ ಊರು ತೆಲಂಗಾಣವಾಗಿತ್ತು, 2013ರಿಂದ ಬೀದರಿಗೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನ ಸಿಕ್ಕಿತ್ತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಕಲ್ಯಾಣ ಕರ್ನಾಟಕವೆಂದು ಬದಲಾಗಿತ್ತು.

ಗುರುವಾರ ಮಧ್ಯಾಹ್ನ ಬೀದರಿನವರು ಹೇಳಿದಂತೆ ಬಂದರು. ತಾಯಿಯನ್ನು ಆಸ್ಪತ್ರೆಯ ಸಾಲಿನಲ್ಲಿ ಕೂರಿಸಿ, ಎರಡು ಬಸ್ಸು ಬದಲಿಸಿ ಬಂದಿದ್ದರು. ಅಜ್ಜ ಮೇಜಿನ ಮೇಲೆ ತಮ್ಮ ನಾಲ್ಕು ಗುಂಡಿ ಸಾಲಾಗಿಟ್ಟು, ಮಾದರಿಗೆ ಕೊಟ್ಟದ್ದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟರು. ಹೂವು ಒಂದೇ. ಹೊಸದು ಮಾತ್ರ ಕಾಡಿಗೆಯ ಹಾಗೆ ಕಪ್ಪಗೆ ಮಿಂಚುತ್ತಿತ್ತು, ಹಳೆಯವು ಮಾಸಿದ್ದವು.

"ಇದು ಭಾಳ ಕರಿ ಆಗ್ಯದಲ್ಲೋ" ಅಂದರು ಅಜ್ಜ.

"ಇದು ಸರಿ ಅದ ಸಾಬ್. ನಿಮ್ಮವಕ್ಕ ಎಣ್ಣಿ ಹಚ್ಚರಿ, ಮತ್ತ ಕರಿ ಆಗ್ತಾವ."

ನನ್ನ ಹೆಂಡತಿ ಅಡಿಗೆಮನೆಯಿಂದ ಕೊಬ್ಬರಿ ಎಣ್ಣೆ ತಂದಳು. ಅಜ್ಜ ಪಂಚೆಯ ಅಂಚಿನಿಂದ ಒಂದೊಂದನ್ನೇ ಉಜ್ಜುತ್ತ, ಯಾವ ಓಣಿ, ಯಾರ ಮಗ ಎಂದು ಬಂದವರನ್ನು ವಿಚಾರಿಸತೊಡಗಿದರು. ಮಾತು ಕನ್ನಡದಲ್ಲಿ ಶುರುವಾಗಿ ಯಾವಾಗ ಉರ್ದುವಿಗೆ ಹೊರಳಿತೋ ಗೊತ್ತಾಗಲಿಲ್ಲ. ನನಗೆ ಅರ್ಥವಾದದ್ದು ಕೊನೆಯದೊಂದೇ: ಸಂಜೆ ಬೀದರಿಗೆ ಕಡೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಅಜ್ಜ ಕೇಳುತ್ತಿದ್ದರು.